ಭೀಮಶಾ ಅಂದು ಕುಡಿದಿರಲಿಲ್ಲ

ಗೆ,
ಮಾನ್ಯ ಹಿರಿಯರು,
ನಮ್ಮ ವಸತಿಯ ಭಜನಾ ಮಂಡಳಿ, ಕೊಂಢವಾ, ಪುಣೆ.

ವಿಷಯ: ನನ್ನ ಗಂಡನ ಕೊರಳಿನಿಂದ ತಾವು ತೆಗೆದ ತುಳಸಿ ಮಾಲೆಯ ಕುರಿತು.

ಮಾನ್ಯರೇ,

ಮೊದಲಿಗೆ ನನ್ನ ಕಾಗುಣಿತಕ್ಕೂ ವಕ್ರವಾದ ಅಕ್ಷರಕ್ಕೂ ಕ್ಷಮೆ ಕೋರುತ್ತೇನೆ. ಏಳನೆಯ ತರಗತಿ ಬಿಟ್ಟ ಮೇಲೆ ನಾನು ಬರೆದದ್ದು ಅರ್ಜಿಗಳನ್ನು ಮಾತ್ರ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಮೇಲ್ಕಾಣಿಸಿದ ವಿಷಯದಲ್ಲಿ ತಮ್ಮ ಗಮನಕ್ಕೆ ತರುವುದೇನೆಂದರೆ — ನನ್ನ ಗಂಡ ಭೀಮಶಾ ಅಂದು ಕುಡಿದಿರಲಿಲ್ಲ. ಕುಡಿದಿದ್ದಾರೆಂದು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಹೇಳಿ, ಚಪ್ಪಲಿಯಿಂದ ಅವರ ಮುಖಕ್ಕೂ ಹೊಡೆದೆ. ಮೂರು ವರ್ಷ ಇದನ್ನು ಯಾರಿಗೂ —

ಅವರಿಗೆ ಇನ್ಸುಲಿನ್ ಚುಚ್ಚುವವಳು ನಾನೇ ಎಂಬುದು ತಮಗೆ ತಿಳಿದಿದೆ. ಸೂಜಿಯ ಮೇಲಿನ ಸಣ್ಣ ಗೆರೆಗಳು ಅವರ ಕಣ್ಣಿಗೆ ಕಾಣುವುದಿಲ್ಲ. ಆ ಘಟನೆಗೂ ಹಿಂದಿನ ಆಸ್ಪತ್ರೆ ತಪಾಸಣೆಯಲ್ಲಿ ಸಕ್ಕರೆ ಏರಿತ್ತು. ಸಿಸ್ಟರ್ ಸಾಲಿನಲ್ಲಿದ್ದವರೆಲ್ಲರ ಎದುರು, ನಿನಗೆ ಗಂಡ ಬೇಕೋ ಬೇಡವೋ ಎಂದು ನನ್ನನ್ನು ಬೈದಿದ್ದರು. ಆ ಅವಮಾನ ನನ್ನೊಳಗೆ ಕುದಿಯುತ್ತಿತ್ತು. ಮುಂದಿನ ತಪಾಸಣೆಯ ಹಿಂದಿನ ಸಂಜೆ, ವರದಿ ಚೆನ್ನಾಗಿ ಬರಲೆಂದು, ಹದಿನೆಂಟರ ಗೆರೆಗೆ ನಿಲ್ಲಬೇಕಾದ ಔಷಧವನ್ನು ಇಪ್ಪತ್ತಾರರವರೆಗೆ ಎಳೆದೆ. ಕೇಳದೆ ಪ್ರಮಾಣ ಬದಲಿಸಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಊಟದಲ್ಲಿಯೂ ಅರ್ಧ ರೊಟ್ಟಿ ಕಡಿಮೆ ಬಡಿಸಿದೆ.

"ಇಷ್ಟೊತ್ತು ಎಳೀಲಿಕತ್ತೀಯಲ್ಲ, ಜಾಸ್ತಿ ಆತೇನ ನೋಡು," ಎಂದರು.

"ಸುಮ್ಮ ಕುಂದರ್ರಿ. ನಾಳೆ ಮತ್ತ ನಾ ಬೈಸ್ಕೊಳ್ಳಂಗಿಲ್ಲ."

ಅವರು ನಕ್ಕರು. "ಪರೀಕ್ಷಾ ನಂದೋ, ನಿಂದೋ?"

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು. ಸಾಲು ಉದ್ದವಿತ್ತು. ಅವರ ಅಂಗಿ ಬೆವರಿಗೆ ಅಂಟಿಕೊಂಡಿತು, ಕೈ ನಡುಗಿತು, ಮಾತು ತೊದಲಿತು. ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ನನ್ನ ಸೆರಗಿನ ಗಂಟಿನಲ್ಲಿ ಸಕ್ಕರೆ ಇತ್ತು, ಮಾನ್ಯರೇ. ಒಂದು ಹಿಡಿ ಬಾಯಿಗೆ ಹಾಕಿದ್ದರೆ ಸಾಕಿತ್ತು. ಹಾಕಿದರೆ ವರದಿ ಕೆಡುತ್ತದೆ, ಇನ್ನು ಐದೇ ಜನ ಇದ್ದಾರೆ — ಎಂದು ಲೆಕ್ಕ ಹಾಕುತ್ತ ನಿಂತೆ.

ಹಿಂದಿದ್ದ ವೃದ್ಧರೊಬ್ಬರು ಮುಂದೆ ಸರಿಯಿರಿ ಎಂದು ನನ್ನ ಗಂಡನ ಭುಜ ಮುಟ್ಟಿದರು. ಅಷ್ಟೇ. ಸಕ್ಕರೆ ಇಳಿದು ಪರಿವೆ ತಪ್ಪಿದ್ದ ಇವರು ಕಬ್ಬಿಣದ ಸ್ಟೂಲ್ ಎತ್ತಿ ಬೀಸಿದರು. ವೃದ್ಧರ ಹುಬ್ಬು ಸೀಳಿ ರಕ್ತ ಗೋಡೆಗೆ ಚಿಮ್ಮಿತು. ಜನ ಚೀರಿದರು. ನಾಲ್ವರು ಯುವಕರು ಇವರನ್ನು ಕೆಡವಿ ಹೊಟ್ಟೆಗೆ, ಬೆನ್ನಿಗೆ, ಬಾಯಿಗೆ ಒದ್ದರು. ಹಲ್ಲು ಮುರಿದದ್ದು ನನಗೆ ಕೇಳಿಸಿತು. ಒಬ್ಬ ಇವರ ತಲೆಗೂದಲು ಹಿಡಿದು ಹಣೆಯನ್ನು ನೆಲಕ್ಕೆ ಬಡಿದ — ಒಮ್ಮೆ, ಮತ್ತೊಮ್ಮೆ. ನಡುವೆ ತಲೆ ಎತ್ತಿ ಆತ, ಕುಡಿದಿದ್ದಾನಾ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದ:

"ಕಾಯ್ ಬಾಯಿ, ದಾರೂ ಪ್ಯಾಯಲಾಯ್ ಕಾ?"

ಇಲ್ಲ ಎಂದರೆ ಮತ್ತೇನಾಯಿತು ಎಂದು ಕೇಳುತ್ತಿದ್ದರು, ನಾನು ಔಷಧ ಹೆಚ್ಚು ಚುಚ್ಚಿದ್ದು ಹೊರಬೀಳುತ್ತಿತ್ತು. ನಾನು "ಹೋ", ಹೌದು, ಎಂದೆ. ನಾನು ಗಂಡನ ಕಡೆಯವಳಲ್ಲ, ಹೊಡೆಯುವವರ ಕಡೆಯವಳು ಎಂದು ತೋರಿಸಲು ಚಪ್ಪಲಿ ತೆಗೆದು ಹೊಡೆದೆ. ಅವರ ಕಣ್ಣು ನನ್ನ ಮೇಲಿತ್ತು, ಆದರೆ ನಾನು ಯಾರೆಂದು ಆ ಕಣ್ಣಿಗೆ ತಿಳಿದಿರಲಿಲ್ಲ.

ಸಿಸ್ಟರ್ ಓಡಿ ಬಂದು ಬೆರಳು ಚುಚ್ಚಿ ನೋಡಿ, ಸಕ್ಕರೆ ತೀರಾ ಇಳಿದಿದೆ ಎಂದು ಗ್ಲೂಕೋಸ್ ಏರಿಸಿದರು. ವಾಸನೆ ಇಲ್ಲವಲ್ಲ ಎಂದರು. ಬೆಳಿಗ್ಗೆ ಹಲ್ಲುಜ್ಜಿ ಬಂದಿದ್ದಾರೆ, ಕುಡಿದದ್ದು ನಿನ್ನೆ ಎಂದೆ. ಪ್ರಮಾಣ ಬದಲಿಸಿದೆಯಾ ಎಂದರು. ಇಲ್ಲ ಎಂದೆ. ಕುಡಿದು ಊಟ ಬಿಟ್ಟರೂ ಸಕ್ಕರೆ ಇಳಿಯುತ್ತದೆಂದು ಅವರೇ ಹೇಳಿದರು. ನನ್ನ ಸುಳ್ಳಿಗೆ ಮೊಹರು ಬಿತ್ತು.

ಎಚ್ಚರವಾದಾಗ ಅವರಿಗೆ ಏನೂ ನೆನಪಿರಲಿಲ್ಲ.

"ನಾ ಎಲ್ಲಿ ಕುಡದೆ, ನಾಗಮ್ಮ? ಯಾರ ಸಂಗಾಟ ಕುಡದೆ?"

"ಕುಡದೀರಿ. ನಿಮಗ ನೆನಪಿಲ್ಲ ಅಷ್ಟ."

ಮಾಲೆ ಹಾಕಿಕೊಂಡ ದಿನದಿಂದ ಒಂದು ಹನಿ ಮುಟ್ಟದವರು ಆ ಮಾತನ್ನು ನಂಬಿದರು. ಸುದ್ದಿ ವಸತಿಗೂ ಮುಟ್ಟಿತು. ಮಾಲೆ ಧರಿಸಿ ಕುಡಿದವನಿಗೆ ಮಂಡಳಿಯಲ್ಲಿ ಜಾಗವಿಲ್ಲವೆಂಬ ನಿಯಮದಂತೆ ತಾವು ಎಲ್ಲರೆದುರು ಮಾಲೆ ತೆಗೆದಿರಿ. "ಕೊರಳು ಬಗ್ಗಸೋ, ಕಳ್ಳ ಭಕ್ತ," ಎಂದಿರಿ. ಅವರು ಬಗ್ಗಿಸಿದರು. ನಾನು ಹೆಂಗಸರ ಸಾಲಿನಲ್ಲಿ ಕುಳಿತಿದ್ದೆ. ಕುಳಿತೇ ಇದ್ದೆ.

ಅಂದಿನಿಂದ ಪ್ರತಿ ಏಕಾದಶಿ ಅವರು ತಮ್ಮ ಬಾಯಿಯನ್ನು ತಾವೇ ಗುದ್ದಿಕೊಳ್ಳುತ್ತಾರೆ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿದರೂ ನಿಲ್ಲಿಸುವುದಿಲ್ಲ. "ಈ ಬಾಯಿ ನನಗ ಹೇಳದಽ ಕುಡದದ," ಎನ್ನುತ್ತಾರೆ. ನಾನು ರಕ್ತ ಒರೆಸುತ್ತೇನೆ. ಒರೆಸುತ್ತ ಒಮ್ಮೆಯಾದರೂ —

ನಿನ್ನೆ ಕೆಲಸದಿಂದ ಬರುವಾಗ ಬಾಟಲಿ ತಂದಿದ್ದಾರೆ. "ಹೆಂಗೂ ಕುಡುಕ ಆಗೀನಲ್ಲ, ರುಚಿಯರ ನೋಡ್ತೀನಿ," ಎಂದರು. ಇನ್ನೂ ತೆರೆದಿಲ್ಲ. ಇನ್ಸುಲಿನ್ ಮೇಲೆ ಅದು ಹೊಟ್ಟೆಗೆ ಬಿದ್ದರೆ, ಅಂದು ನಾನು ಹೇಳಿದ ಸುಳ್ಳೇ ಅವರನ್ನು ಕೊಲ್ಲುತ್ತದೆ.

ಆದಕಾರಣ ಈ ಪತ್ರವನ್ನು ಈಗಲೇ, ಮೊದಲು ಅವರಿಗೆ, ಬಾಗಿಲು ಮುಚ್ಚದೆ ಓದಿ ಹೇಳುತ್ತೇನೆ. ಅವರು ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವರೋ ಇಲ್ಲವೋ ತಿಳಿಯದು. ಅದನ್ನು ಕೇಳುವ ಹಕ್ಕು ನನಗಿಲ್ಲ. ನಂತರ ಪತ್ರ ತಮ್ಮ ಕೈ ಸೇರುತ್ತದೆ. ಮಾಲೆ ತೆಗೆದ ಜಾಗದಲ್ಲಿಯೇ, ಅಷ್ಟೇ ಜನರ ಎದುರು, ಇದನ್ನು ಗಟ್ಟಿಯಾಗಿ ಓದಿಸಬೇಕೆಂದು ಕೋರುತ್ತೇನೆ. ನಾನು ಎದ್ದು ನಿಂತಿರುತ್ತೇನೆ. ಆ ವೃದ್ಧರ ಮನೆ ಹುಡುಕಿಕೊಂಡು ಹೋಗುವುದು ಇನ್ನೂ ಬಾಕಿಯಿದೆ.

ಬರವಣಿಗೆಯಲ್ಲಿ ಕಂಡ ತಪ್ಪುಗಳನ್ನು ದಯವಿಟ್ಟು ತಿದ್ದಿಕೊಂಡು ಓದಬೇಕು. ನನ್ನ ಹೆಸರು ಬಂದ ಕಡೆ ಮಾತ್ರ ಏನನ್ನೂ ಮೆತ್ತಗೆ ಮಾಡಬಾರದು.

ಇಂತಿ,
ನಾಗಮ್ಮ, ಭೀಮಶಾ ಅವರ ಹೆಂಡತಿ