ಶೀಳನೆರೆಯ ಜೋಳದ ಎಲೆ

ನಾನು ಕೆಲಸ ಮಾಡುವ ಪ್ರಯೋಗಾಲಯದ ಗಾಜಿನ ಮನೆಯಲ್ಲಿ ಎರಡು ಬಗೆಯ ಮುಸುಕಿನ ಜೋಳ ಬೆಳೆಸಿದ್ದೆವು. ಒಂದು ಕುಲಾಂತರಿ, ಇನ್ನೊಂದು ಅದೇ ತಳಿಯ ಮಾಮೂಲಿ ಜೋಳ. ಹೊರಗಿನಿಂದ ಸೇರಿಸಿದ ವಂಶವಾಹಿಯಿಂದ ಗಿಡದ ಉಳಿದ ವಂಶವಾಹಿಗಳ ಕೆಲಸ ಏರುಪೇರಾಗುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದಿತ್ತು. ವ್ಯತ್ಯಾಸ ಕಂಡರೆ ಅದು ದೊಡ್ಡದೋ ಸಣ್ಣದೋ ಎಂದು ಹೋಲಿಸಿ ತಿಳಿಯಲು ರೈತರ ಬೇರೆ ಬೇರೆ ಹೊಲಗಳ ಮಾಮೂಲಿ ಜೋಳವೂ ಬೇಕಿತ್ತು. ನಾನು ಕೆ.ಆರ್. ಪೇಟೆಯವಳು, ಹಾಗಾಗಿ ನಮ್ಮ ಸೀಮೆಯಲ್ಲೇ ಹುಡುಕಿದೆ. ನಾಲೆ ನೀರಿನ ಅರಕೆರೆಯಲ್ಲೊಂದು, ಶೀಳನೆರೆಯ ಹತ್ತಿರ ಮಳೆ ನಂಬಿದ ಹೊಲವೊಂದು ಗೊತ್ತು ಮಾಡಿಕೊಂಡೆ.

ಅರಕೆರೆಯ ಕೆಲಸ ಸಲೀಸಾಗಿ ಮುಗಿಯಿತು. ಶೀಳನೆರೆಯ ಹೊಲದ ಒಡತಿ, ತಾವೇ ನಿಂತು ಬೇಸಾಯ ಮಾಡಿಸುವ ಹೆಂಗಸು, ಬದುವಿನ ಮೇಲೆ ಕಾಯುತ್ತಿದ್ದರು. ಕತ್ತರಿಸಿದ ಎಲೆಯನ್ನು ಹಾಗೇ ಬಿಟ್ಟರೆ ಅದರೊಳಗಿನ ಚಟುವಟಿಕೆ ಬದಲಾಗಿಬಿಡುತ್ತದೆ. ತಕ್ಷಣ ದ್ರವ ಸಾರಜನಕದಲ್ಲಿ ಮುಳುಗಿಸಿ ಹೆಪ್ಪುಗಟ್ಟಿಸಬೇಕು. ನಾನು ಕ್ಯಾನಿನ ಮುಚ್ಚಳ ತೆಗೆದದ್ದೇ ತಡ, ಬಿಳಿ ಹೊಗೆ ಉಕ್ಕಿ ನೆಲದ ಮೇಲೆ ಹರಿಯಿತು.

ಪಕ್ಕದ ಹೊಲದಿಂದ ಆಕೆಯ ಮೈದುನ ಓಡಿಬಂದ.

"ಏನ್ರವ್ವ ಅದು? ಕುಲಾಂತರಿ ತಂದು ಇಲ್ ಬುಡ್ತಾರಂತೆ ಅಂತ ಊರೆಲ್ಲ ಮಾತಾಡ್ಕತಾವ್ರೆ. ಮುಚ್ರಿ ಮೊದ್ಲು!"

ಇನ್ನಷ್ಟು ಜನ ಸೇರಿದರು. ಒಬ್ಬ ನಮ್ಮ ಕಾರಿಗೆ ಅಡ್ಡ ನಿಂತ. ಮಾದರಿ, ವಿಶ್ಲೇಷಣೆ ಎಂದೆಲ್ಲ ಹೇಳಿದಷ್ಟೂ ಅವರ ಅನುಮಾನ ಹೆಚ್ಚಾಯಿತು. ನಮ್ಮ ಕಾರಿನ ಡ್ರೈವರು, ಶ್ರೀರಂಗಪಟ್ಟಣದ ಹಿರಿಯ ಮುಸಲ್ಮಾನರು, ಇಳಿದು ಬಂದು, "ಅರೆ ಭಾಯ್, ಈ ಮೇಡಮ್ಮು ಏನೂ ಬಿಡಕ್ ಬಂದಿಲ್ಲ, ತಗೊಂಡ್ ಹೋಗಕ್ಕೆ ಬಂದವ್ರೆ" ಎಂದರು.

ಅಷ್ಟರಲ್ಲಿ ಒಡತಿ ಕ್ಯಾನನ್ನು ಬಗ್ಗಿ ನೋಡಿ ನಕ್ಕುಬಿಟ್ಟರು.

"ಲೇ, ಅಸ ಗಬ್ಬ ಆಗ್ಲಿ ಅಂತ ಸೂಜಿ ಆಕಕ್ಕೆ ಡಾಕ್ಟ್ರು ತತ್ತಾರಲ್ಲ, ಅದೇ ಕ್ಯಾನು ಕಣ್ಲಾ ಇದು! ನಿಮ್ಮನೆ ಕರಾನೂ ಇದ್ರಿಂದ್ಲೇ ಉಟ್ಟಿದ್ದು."

ಎಲ್ಲರೂ ನಕ್ಕರು. ಮೈದುನ ಮಾತ್ರ ನಗಲಿಲ್ಲ. ನಾನು ಎಲೆ ಕತ್ತರಿಸಿ ಮುಗಿಸುವವರೆಗೂ ಕೈ ಕಟ್ಟಿಕೊಂಡು ನೋಡುತ್ತಲೇ ನಿಂತಿದ್ದ.

ಫಲಿತಾಂಶ ಬಂದ ಮೇಲೆ ನಾನಾಗಿಯೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹೇಳಿದೆ: ಗಾಜಿನ ಮನೆಯ ಎರಡು ಜೋಳಗಳ ನಡುವೆ ಇದ್ದ ವ್ಯತ್ಯಾಸ ಸಣ್ಣದು, ಅರಕೆರೆ ಜೋಳಕ್ಕೂ ನಿಮ್ಮ ಜೋಳಕ್ಕೂ ಇದ್ದ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

"ಅಂಗಾರೆ ಕುಲಾಂತರಿ ತಿನ್ಬೋದಾ, ಬ್ಯಾಡ್ವಾ?" ಮೈದುನ ಕೇಳಿದ.

"ಈ ಪರೀಕ್ಷೆ ಅದನ್ನ ಹೇಳಲ್ಲ ಕಣಪ್ಪ. ಎಲೆ ಒಳಗೆ ಏನು ಬದಲಾಯ್ತು ಅಂತ ಮಾತ್ರ ಹೇಳುತ್ತೆ. ತಿನ್ನೋದಕ್ಕೆ ಬೇರೆ ಪರೀಕ್ಷೆಗಳು ಬೇಕು."

"ಇಷ್ಟೆಲ್ಲ ಮಾಡಿ ಇಷ್ಟೇನಾ!" ಎಂದು ಎದ್ದು ಹೋದ. ನನಗೂ ಪೆಚ್ಚೆನಿಸಿತು. ಆದರೆ ತಿಳಿಯದ್ದನ್ನು ತಿಳಿದಂತೆ ಹೇಳಿ ಅವನನ್ನು ಸಮಾಧಾನ ಮಾಡಲು ಮನಸ್ಸು ಬರಲಿಲ್ಲ.

ಒಡತಿಗೆ ಕುಲಾಂತರಿಯ ಚಿಂತೆ ಅಷ್ಟಿರಲಿಲ್ಲ. "ಅರಕೆರೆ ಜೋಳದಾಗೆ ಇಲ್ದಿದ್ದು ನಮ್ ಜೋಳದಾಗೆ ಏನ್ ನಡೀತಿತ್ತವ್ವ?"

"ನೀರು ಸಾಲದೆ ಇದ್ದಾಗ ಎದ್ದು ಕೆಲಸ ಮಾಡೋ ವಂಶವಾಹಿಗಳು ಜೋರಾಗಿದ್ವು."

"ಊ ಕಣವ್ವ, ಆಗ ಮಳೆ ಕೈ ಕೊಟ್ಟಿತ್ತು. ಮಳೆ ಬಿದ್ಮೇಲೆ ಅವು ಸುಮ್ಕಾಯ್ತವಾ?"

ನನಗೆ ಗೊತ್ತಿರಲಿಲ್ಲ. ಮುಂದಿನ ಬೆಳೆಯಲ್ಲಿ ಮಳೆಗೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಆ ಹೊಲದಿಂದಲೇ ಎಲೆ ತೆಗೆದೆವು. ಮಳೆಯಾದ ಮೇಲೆ ಆ ವಂಶವಾಹಿಗಳಲ್ಲಿ ಬಹಳಷ್ಟು ಸುಮ್ಮನಾಗಿದ್ದವು, ಕೆಲವು ಆಗಿರಲಿಲ್ಲ. ಯಾಕೆಂದು ಈಗ ನೋಡುತ್ತಿದ್ದೇನೆ.