ಗ್ಲೆಂಡಾಳ ಅಭಿಪ್ರಾಯ

ಆಲ್ಡರ್‌ಶಾ ಊರಿನ ಕೌನ್ಸಿಲ್ ಕಚೇರಿಯಲ್ಲಿ ಗ್ಲೆಂಡಾ ಹೋಲ್ಡನ್ ಗೊತ್ತಿಲ್ಲದವರಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಜನ ಅವಳ ಫೋನು ಬಂತೆಂದರೆ ಊಟದ ನೆಪ ಹೇಳಿ ಎದ್ದುಹೋಗುತ್ತಾರೆ. ಅಂಥ ಬಾಯಿ! ಹೆತ್ತವರ ಕೈಲಿ ಸಾಕಲಾಗದ ಮಕ್ಕಳನ್ನು ಕೌನ್ಸಿಲ್ಲು ತನ್ನ ಸುಪರ್ದಿಗೆ ತೆಗೆದುಕೊಂಡಾಗ ಅವಕ್ಕೆ ಕಾಲೂರಲು ಒಂದು ಮನೆ ಬೇಕಲ್ಲ, ಇಪ್ಪತ್ತೆರಡು ವರ್ಷಗಳಿಂದ ಆ ಮನೆ ಗ್ಲೆಂಡಾಳದು. ನಲವತ್ತೊಂದು ಮಕ್ಕಳು ಬಂದುಹೋಗಿವೆ. ಒಂದು ಮಗು ಎರಡು ವಾರ ಇತ್ತು, ಇನ್ನೊಂದು ಎರಡು ತಿಂಗಳು, ಹೆಚ್ಚೆಂದರೆ ಆರು.

"ನಂದು ಬಸ್ ಸ್ಟ್ಯಾಂಡು ಕಣ್ರೀ. ಬರ್ಲಿ, ಕೂತ್ಕೊಳ್ಲಿ, ಹೊಟ್ಟೆ ತುಂಬ ತಿನ್ಲಿ, ಬಸ್ ಬಂದಾಗ ಹತ್ಲಿ. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಸಂಸಾರ ಹೂಡ್ತಾರಾ?" ಎನ್ನುತ್ತಾಳೆ.

ಹೀಗೆನ್ನುವ ಮಹಾತಾಯಿ ಒಂದೊಂದು ಮಗು ಹೋದಾಗಲೂ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕುತ್ತಾಳೆ. ಯಾಕೆ ಅಂದರೆ ಧೂಳು ಎನ್ನುತ್ತಾಳೆ. ನಲವತ್ತೊಂದು ಸಲ ಒಗೆದ ಪರದೆಯಲ್ಲಿ ಅದೆಂಥ ಧೂಳೋ ದೇವರಿಗೇ ಗೊತ್ತು. ಬೀದಿಯವರಿಗೆ ಅದರ ಅರ್ಥ ತಿಳಿದಿದೆ. ಬೋಳು ಕಿಟಕಿ ಕಂಡ ದಿನ ಯಾರೂ ಅವಳನ್ನು ಕೆಣಕಲು ಹೋಗುವುದಿಲ್ಲ.

ಟಿಯಾ ನಲವತ್ತೆರಡನೆಯವಳು. ಏಳು ದಾಟಿ ಎಂಟಕ್ಕೆ ಬಿದ್ದಿದ್ದಳು, ಅಷ್ಟರಲ್ಲೇ ನಾಲ್ಕು ಮನೆ ಕಂಡಿದ್ದಳು. ಹೋಗುವ ಮನೆ ಹೇಗಿದೆ ಎಂದು ಮಕ್ಕಳಿಗೆ ಮುಂಚೆಯೇ ಒಂದು ಫೋಟೋ ಪುಸ್ತಕ ಕೊಡುವ ರೂಢಿ ಇದೆ. ಟಿಯಾ ಅದನ್ನು ಕಂಕುಳಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು, ಗ್ಲೆಂಡಾಳನ್ನು ಮೇಲಿಂದ ಕೆಳಗೆ ಅಳೆದಳು.

"ಫೋಟೋದಲ್ಲಿ ನೀನು ಇಷ್ಟು ದಪ್ಪ ಇಲ್ಲ."

"ಫೋಟೋ ಹಳೇದು ಕಣೇ. ನಿನ್ನ ಫೈಲಲ್ಲೂ ನಾಚಿಕೆ ಸ್ವಭಾವದ ಹುಡುಗಿ ಅಂತ ಬರ್ದಿದ್ರು. ಇಬ್ರೂ ಮೋಸ ಹೋದ್ವಿ, ಒಳಗ್ ಬಾ."

ಆರು ವಾರಕ್ಕೆಂದು ಬಂದವಳು ಹನ್ನೊಂದು ತಿಂಗಳು ಉಳಿದಳು. ಅಷ್ಟರಲ್ಲಿ ಹುಡುಗಿ ತಾಯಿಯ ಬಳಿಗೆ ಮರಳುವಂತಿಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು. ಇನ್ನು ಹದಿನೆಂಟು ತುಂಬುವವರೆಗೆ ಅವಳಿಗೊಂದು ಕಾಯಂ ಮನೆ ಬೇಕು. ಕೌನ್ಸಿಲ್ಲು ಹುಡುಕಿತು. ಸಮುದ್ರದ ಕಡೆ, ಎರಡು ಗಂಟೆಯ ದಾರಿಯಲ್ಲಿ, ಗಂಡ ಹೆಂಡತಿ ಇಬ್ಬರು ಸಿಕ್ಕಿದರು. ದೊಡ್ಡ ತೋಟ, ಎರಡು ನಾಯಿ, ಒಳ್ಳೆಯ ಜನ. ಎತ್ತಿ ತೋರಿಸಲು ಒಂದು ಕೊರತೆಯಿಲ್ಲ, ಗ್ಲೆಂಡಾ ಹುಡುಕಿ ನೋಡಿದ್ದಳು.

ಸುದ್ದಿ ತಂದವಳು ಅನೀಸಾ. ಸಾಕುತಾಯಂದಿರ ಕಷ್ಟಸುಖ ನೋಡಿಕೊಳ್ಳಲು ಕೌನ್ಸಿಲ್ಲು ನೇಮಿಸಿದ ಹುಡುಗಿ, ತಿಂಗಳಿಗೊಮ್ಮೆ ಬಂದು ಚಹಾ ಕುಡಿದು, ಹೊಗೆ ಎದ್ದರೆ ಕೂಗುವ ಗಂಟೆಯ ಗುಂಡಿ ಒತ್ತಿ ನೋಡಿ ಹೋಗುವವಳು.

"ಮುಂದಿನ ವಾರ ಸಭೆ ಇದೆ, ಗ್ಲೆಂಡಾ. ನಿಮಗೇನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ."

"ನಂದೇನಿದೆ? ಕಾನೂನು ಪ್ರಕಾರ ಕೌನ್ಸಿಲ್ಲೇ ಅವಳ ಅಪ್ಪ, ಅಮ್ಮ. ಅಪ್ಪ ಅಮ್ಮಂಗೆ ಬುದ್ಧಿ ಹೇಳಕ್ಕೆ ನಾನ್ಯಾರು?"

"ಎರಡು ದಿನದ ಹಿಂದೆ ತಾನೇ ನಮ್ಮ ಆಫೀಸರಿಗೆ ಬುದ್ಧಿ ಹೇಳಿದ್ರಿ."

"ಅದು ಶಾಲೆ ಟ್ಯಾಕ್ಸಿ ವಿಷಯ. ಅದು ಬೇರೆ."

ಅನೀಸಾ ಹೋದ ಮೇಲೆ ಗ್ಲೆಂಡಾ ಸ್ಟೂಲು ಹತ್ತಿ ಪರದೆಗಳನ್ನು ಬಿಚ್ಚಿದಳು. ಮಗು ಇನ್ನೂ ಮನೆಯಲ್ಲೇ ಇರುವಾಗ ಪರದೆ ಇಳಿದದ್ದು ಬೀದಿಯವರು ಕಂಡಂತೆ ಅದೇ ಮೊದಲು.

ಇಷ್ಟು ಬಾಯಿ ಇರುವವಳಿಗೆ ಬೇಕು ಎನ್ನುವ ಒಂದು ಮಾತು ಯಾಕೆ ಹೊರಡಲಿಲ್ಲ? ಅದಕ್ಕೊಂದು ಕತೆಯಿದೆ. ಸಾಕುತಾಯಿಯಾದವಳು ದಿನಾ ದಿನಚರಿ ಬರೆದು ಕೌನ್ಸಿಲ್ಲಿಗೆ ಒಪ್ಪಿಸಬೇಕು. ಮೊದಮೊದಲು ಗ್ಲೆಂಡಾ ಅದನ್ನು ತಂಗಿಗೆ ಕಾಗದ ಬರೆದ ಹಾಗೆ ಬರೆಯುತ್ತಿದ್ದಳು. ಒಂದು ಸಲ ಅದು ಕೋರ್ಟಿಗೆ ಹೋಯಿತು. ಕಪ್ಪು ಕೋಟಿನ ವಕೀಲರೊಬ್ಬರು ಎದ್ದು ನಿಂತು, "ಮಗು ಒಳಗೊಳಗೇ ಕೊರಗುತ್ತಿದೆ ಎಂದು ಬರೆದಿದ್ದೀರಿ. ತಾವು ಮನೋವೈದ್ಯರೋ?" ಎಂದು ಕೇಳಿದರು. ಕೋರ್ಟು ಕಿಸಕ್ಕೆಂದಿತು. ಗ್ಲೆಂಡಾಳ ಮುಖ ಬೀಟ್ರೂಟಾಯಿತು. ಅದರ ಬೆನ್ನಿಗೇ ಕೌನ್ಸಿಲ್ಲಿನವರ ತರಬೇತಿ: ಕಣ್ಣಿಗೆ ಕಂಡದ್ದನ್ನು ಬರೆಯಿರಿ, ನಿಮ್ಮ ಅಭಿಪ್ರಾಯ ಬೇಡ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಅಂದಿನಿಂದ ಗ್ಲೆಂಡಾಳ ದಿನಚರಿ ಪೊಲೀಸ್ ಪೇದೆಯ ವರದಿಯಾಗಿಬಿಟ್ಟಿತು. ಬರೆಬರೆಯುತ್ತ, ಕೌನ್ಸಿಲ್ಲಿನವರ ಎದುರು ಮಕ್ಕಳ ಬಗ್ಗೆ ಬಾಯಲ್ಲೂ ಅಭಿಪ್ರಾಯ ಬರುವುದು ನಿಂತಿತು. ಟ್ಯಾಕ್ಸಿ ಬಗ್ಗೆ ಮಾತ್ರ ಧಾರಾಳವಾಗಿ ಬರುತ್ತಿತ್ತು.

ಸಭೆ ಗ್ಲೆಂಡಾಳ ಮನೆಯಲ್ಲೇ ನಡೆಯಿತು. ಅಧ್ಯಕ್ಷತೆ ಡಗ್ಗನ್ ಎಂಬವರದು. ಕೌನ್ಸಿಲ್ಲು ಮಕ್ಕಳ ವಿಷಯದಲ್ಲಿ ಸರಿಯಾಗಿ ನಡೆದುಕೊಳ್ಳುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ವಿಚಾರಿಸುವ ಸಾಧು ಮನುಷ್ಯ. ಹನ್ನೊಂದು ತಿಂಗಳ ದಿನಚರಿಯನ್ನು ಒಂದಕ್ಷರ ಬಿಡದೆ ಓದಿಕೊಂಡು ಬಂದಿದ್ದರು, ಪಾಪ. ಅನೀಸಾ ಕಿಟಕಿಯ ಪಕ್ಕ ಕೂತಿದ್ದಳು. ಟಿಯಾ ಬಿಸ್ಕತ್ತಿನ ತಟ್ಟೆಯ ಪಕ್ಕ ಕೂತಿದ್ದಳು.

"ದಿನಚರಿ ಬಹಳ ಅಚ್ಚುಕಟ್ಟಾಗಿದೆ," ಎಂದರು ಡಗ್ಗನ್. "ಹುಡುಗಿ ಆರೋಗ್ಯವಾಗಿದಾಳೆ, ಶಾಲೆಗೆ ಹೋಗ್ತಾಳೆ. ಆದ್ರೆ ಈ ಮನೆಗೆ ವಿಶೇಷವಾಗಿ ಹೊಂದ್ಕೊಂಡಿದಾಳೆ, ಇಲ್ಲಿ ಯಾರನ್ನಾದ್ರೂ ಹಚ್ಕೊಂಡಿದಾಳೆ ಅನ್ನೋದಕ್ಕೆ ಎಲ್ಲೂ ಒಂದು ಸಾಲಿಲ್ಲ. ಹಾಗಾಗಿ ಹೊಸ ಮನೆಗೆ ಹೋಗೋದು ಅವಳಿಗೆ ಅಷ್ಟೇನೂ ಕಷ್ಟ ಆಗ್ಲಾರದು ಅನ್ಸುತ್ತೆ. ಏನಮ್ಮಾ ಟಿಯಾ, ನಿನ್ನ ಆಸೆ ಏನು?"

ಟಿಯಾ ಬಿಸ್ಕತ್ತನ್ನು ಎರಡಾಗಿ ಬಿಡಿಸಿ ನಡುವಿನ ಕ್ರೀಮು ನೋಡುತ್ತಿದ್ದಳು. ಒಂದು ಚೂರನ್ನು ಗ್ಲೆಂಡಾಳತ್ತ ತೋರಿಸಿದಳು.

"ಮೊದ್ಲು ಅವಳನ್ನ ಕೇಳಿ."

"ಇದು ನಿನ್ನ ಸಭೆ, ಪುಟ್ಟೀ. ನೀನು ಹೇಳಿದ್ದೇ ಮೊದ್ಲು ಬರ್ಕೋಬೇಕು."

"ಗೊತ್ತು. ಮೊದ್ಲು ಅವಳನ್ನ ಕೇಳಿ."

ಹುಡುಗಿಯ ಹಟಕ್ಕೂ ಕಾರಣವಿತ್ತು. ಮೂರನೆಯ ಮನೆಯಲ್ಲಿದ್ದಾಗ, ನಾನು ಇಲ್ಲೇ ಇರಲಾ ಎಂದು ಬಾಯಿಬಿಟ್ಟು ಕೇಳಿದ್ದಳು. ಆ ಮನೆಯಾಕೆ ತಲೆ ಸವರಿ, ಅಡುಗೆಮನೆಗೆ ಹೋಗಿ, ಇವಳನ್ನು ಕರೆದುಕೊಂಡು ಹೋಗಿ ಎಂದು ಕೌನ್ಸಿಲ್ಲಿಗೆ ಫೋನು ಮಾಡಿದ್ದಳು. ಟಿಯಾ ಅದನ್ನು ಗ್ಲೆಂಡಾಳಿಗೆ ಒಮ್ಮೆ ಚಿಪ್ಸ್ ತಿನ್ನುತ್ತ, ಬೇರೆ ಯಾರದೋ ವಿಷಯ ಎಂಬಂತೆ ಹೇಳಿದ್ದಳು. ಅದೀಗ ಗ್ಲೆಂಡಾಳಿಗೆ ನೆನಪಾಯಿತು. ಈ ಹುಡುಗಿ ಎರಡನೆಯ ಸಲ ಕೇಳುವುದಿಲ್ಲ. ತಾನೂ ಸುಮ್ಮನಿದ್ದರೆ ಇನ್ನು ಇವಳ ಬಟ್ಟೆ ಮಡಚಿ ಕಳಿಸುವುದೇ.

"ಅದನ್ನ ಇಲ್ಲಿ ಕೊಡಿ," ಎಂದು ಡಗ್ಗನ್ನರ ಕೈಯಿಂದ ದಿನಚರಿಯನ್ನು ಕಸಿದುಕೊಂಡಳು. "ಜೂನ್ ಹದಿನಾಲ್ಕು. 'ರಸ್ತೆ ದಾಟುವಾಗ ಸುರಕ್ಷತಾ ನಿಯಮ ಪಾಲಿಸಿದಳು.' ಏನಿದು ಗೊತ್ತಾ? ಮೊದಲ್ನೇ ಸಲ ನನ್ನ ಕೈ ಹಿಡ್ಕೊಂಡ್ಳು ಸ್ವಾಮೀ! ಆ ಕಡೆ ದಾಟಿದ ಮೇಲೂ ಬಿಡ್ಲಿಲ್ಲ. ಆಗಸ್ಟ್ ಎರಡು. 'ಊಟದ ವೇಳೆ ಸ್ವಲ್ಪ ಹಾಲು ಚೆಲ್ಲಿತು.' ನಾನು ಮೇಯರ್ ನಡೆಯೋ ಥರ ನಡೆದು ತೋರಿಸ್ದೆ, ಇವಳು ನಕ್ಕೂ ನಕ್ಕೂ ಮೂಗಲ್ಲಿ ಹಾಲು ಬಂತು. ಅದಕ್ಕೆ ಮುಂಚೆ ಇವಳು ನಕ್ಕಿದ್ದೇ ನಾನು ಕಂಡಿರ್ಲಿಲ್ಲ. ಡಿಸೆಂಬರ್ ಒಂಬತ್ತು. 'ಜ್ವರ. ಔಷಧಿ ಕೊಡಲಾಯಿತು.' ಔಷಧಿ ಕುಡಿದು ಏನಂದ್ಳು ಗೊತ್ತಾ? 'ಎದ್ದು ಹೋಗ್ಬೇಡ ಮುದುಕೀ' ಅಂದ್ಳು. ಬೆಳಗಿನ ತನಕ ಆ ಪುಟ್ಟ ಕುರ್ಚೀಲಿ ಕೂತೆ, ಸೊಂಟ ಇನ್ನೂ ಸರಿಹೋಗಿಲ್ಲ!"

ಅನೀಸಾ ಬಾಯಿಗೆ ಕೈ ಹಿಡಿದುಕೊಂಡಿದ್ದಳು.

"ಇದನ್ನೆಲ್ಲ ಯಾಕೆ ಬರೀಲಿಲ್ಲ ನೀವು?" ಎಂದರು ಡಗ್ಗನ್.

"ಅಭಿಪ್ರಾಯ ಬರೀಬೇಡಿ ಅಂದ್ರಲ್ಲ! ಹದಿನೈದು ವರ್ಷದಿಂದ ಬರ್ದಿಲ್ಲ. ಇವತ್ತು ಬರ್ಕೊಳ್ಳಿ. ನಂಗೆ ಇವಳು ಬೇಕು. ಕಾಯಂ ಬೇಕು. ಸಮುದ್ರ, ನಾಯಿ, ತೋಟ ಯಾವ್ದೂ ನನ್ನ ಹತ್ರ ಇಲ್ಲ. ಆದ್ರೂ ಬೇಕು. ಇದು ಅಪ್ಪಟ ಅಭಿಪ್ರಾಯ, ಕೋರ್ಟಿಗೆ ಬೇಕಾದ್ರೂ ತಗೊಂಡ್ಹೋಗಿ."

ಡಗ್ಗನ್ ಬರೆದುಕೊಂಡರು, ನಿಧಾನವಾಗಿ, ಪೂರ್ತಿ. ಕೊನೆಯ ಮಾತು ಕೌನ್ಸಿಲ್ಲಿನ ಸಮಿತಿಯದು. ಆ ಸಮಿತಿ ಮೇ ತಿಂಗಳಲ್ಲಿ ಕೂತು ಎರಡೂವರೆ ಗಂಟೆ ಗ್ಲೆಂಡಾಳ ಭಾಷಣ ಕೇಳಿ, ಹೂಂ ಎಂದಿತು. ಆದರೆ ಅಂದು ಆ ಕೋಣೆಯಲ್ಲಿ ಡಗ್ಗನ್ನರಿಗೆ ಇನ್ನೊಂದು ಕೇಳುವುದಿತ್ತು. ಕೇಳಲು ಅವರಿಗೆ ಸಂಕೋಚ.

"ತಪ್ಪು ತಿಳೀಬೇಡಿ, ಮಿಸೆಸ್ ಹೋಲ್ಡನ್. ಸಮಿತಿಯವರು ಕೇಳೇ ಕೇಳ್ತಾರೆ. ನಿಮ್ಮ ವಯಸ್ಸು..."

"ನಂಗೆ ಹದಿನೆಂಟಾದಾಗ ಅವಳಿಗೆ ಎಪ್ಪತ್ನಾಲ್ಕು," ಎಂದಳು ಟಿಯಾ, ಬಿಸ್ಕತ್ತಿನಿಂದ ತಲೆಯೆತ್ತದೆ. "ಆಗುತ್ತೆ."

ಮೂವರೂ ಅವಳತ್ತ ತಿರುಗಿದರು.

"ಯಾವಾಗ ಲೆಕ್ಕ ಹಾಕ್ದೆ ನೀನು?" ಎಂದು ಕೇಳಿದಳು ಗ್ಲೆಂಡಾ.

"ಬಂದ ಎರಡ್ನೇ ವಾರ," ಎಂದಳು ಟಿಯಾ. "ನೀನು ಕೇಳ್ಲೇ ಇಲ್ಲ."