ಗೌರಿಯ ಕೈ ನೋಡಿ ಹಾಡಿದೆವು

ಫೋಟೋ ನೋಡಿ "ಸೂಪರ್ ಅಜ್ಜಿ" ಎಂದು ಬರೆದು ಮಾಯವಾಗುವವರೇ, ನಾಚಿಕೆ ಆಗಲ್ವಾ ನಿಮಗೆ? ನಮ್ಮ ಹಾಡಿನ ಗುಂಪಿಗೆ ಬನ್ನಿ ಎಂದರೆ ಒಬ್ಬರದೂ ಪತ್ತೆಯಿಲ್ಲ. ಇವತ್ತು ಏನಾಯಿತು, ಕೇಳಿ.

ಸದಾಶಿವನಗರದಲ್ಲಿ ನಾವು ಹಾಡುವ ಸಮುದಾಯ ಭವನದ ಕಾರ್ಯದರ್ಶಿ ಬಾಗಿಲಲ್ಲೇ ತಡೆದ. ನಮ್ಮ ಗುಂಪಿನ ಗೌರಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. "ಅಜ್ಜಿ, ಹಾಡೋರ ಜೊತೆ ಇವ್ಳೇನ್ ಮಾಡ್ತಾಳೆ? ಇವ್ಳನ್ನ ಬಿಟ್ಟು ಬನ್ನಿ, ಬೀಗ ತೆಗಿತೀನಿ" ಎಂದ.

"ಮೀಟಿಂಗಲ್ಲಿ ನೀನು ಕೂರಲ್ವೇನಪ್ಪ, ಹಂಗೇ ಕೂರ್ತಾಳೆ. ಆದ್ರೆ ಇವ್ಳು ತೂಕಡಿಸಲ್ಲ ಕಣೋ" ಎಂದು ಎಲ್ಲರನ್ನೂ ಕರೆದುಕೊಂಡು ಹೊರಟೆ.

ಎದುರಿನ ಹಿಟ್ಟಿನ ಗಿರಣಿಯ ರಹಮತ್ ಸಾಬರು ಕೂಗಿದರು: "ಇಲ್ಲೇ ಹಾಡ್ರಮ್ಮ. ಮಿಷನ್ ಮಾತ್ರ ನಿಲ್ಸಕ್ಕಾಗಲ್ಲ, ರಾಗಿ ತಂದೋರು ಕಾಯ್ತಾವ್ರೆ."

ಆ ಸದ್ದಿನಲ್ಲಿ ಒಬ್ಬರ ದನಿ ಒಬ್ಬರಿಗೆ ಕೇಳಿಸದೆ ಹಾಡು ಚೆಲ್ಲಾಪಿಲ್ಲಿಯಾಯಿತು. ಗೌರಿ ಮಾತ್ರ ಮಿಷನ್ನಿನ ಮೇಲೆ ಒಂದು ಅಂಗೈ ಇಟ್ಟು, ಬೆಲ್ಟು ಸುತ್ತುವ ಏಟಿಗೆ ಸರಿಯಾಗಿ ಇನ್ನೊಂದು ಕೈಯಲ್ಲಿ ತಾಳ ಹಾಕುತ್ತಿದ್ದಳು. ಎಲ್ಲರೂ ಅವಳ ಕೈ ನೋಡಿಕೊಂಡು ಹಾಡಿದೆವು. ರಾಗಿ ಚೀಲ ಹಿಡಿದು ಕಾಯುತ್ತಿದ್ದವರೂ ದನಿಗೂಡಿಸಿದರು. ಸಂಜೆ ಬಿಸಿಲಿನಲ್ಲಿ ಹಿಟ್ಟಿನ ಧೂಳು ಮಂಜಿನ ಹಾಗೆ ತೇಲಿ, ಗುಂಪಿನ ಹುಡುಗಿಯರ ತಲೆಯೂ ನನ್ನ ತಲೆಯಂತೆ ನರೆಯಿತು. ಎಲ್ಲರೂ ಒಂದೇ ಕನಸಿನೊಳಗೆ ಕೂತು ಹಾಡುತ್ತಿದ್ದೇವೆ ಅನ್ನಿಸಿತು. ರಸ್ತೆಯಾಚೆ ಕಾರ್ಯದರ್ಶಿ ಬೀಗದಕೈ ಹಿಡಿದು ನಿಂತೇ ಇದ್ದ.

ಮುಂದಿನ ತಿಂಗಳು ಕುಣಿಗಲ್ ಕೆರೆ ಏರಿಯ ಮೇಲೆ ಹಾಡುತ್ತೇವೆ. ತಾಳ ಗೌರಿಯದೇ. ಯಾರು ಬರುತ್ತೀರಿ, ಈ ತಿಂಗಳು ಮುಗಿಯುವುದರೊಳಗೆ ಬರೆಯಿರಿ. ಹಾಡಲು ಬರುವುದಿಲ್ಲ ಎಂದು ಮಾತ್ರ ಬರೆಯಬೇಡಿ.